ಭೂಮಿ ಯೋಜನೆ: ಒಂದೇ ದತ್ತಸಂಚಯ, ಹಲವು ಬಳಕೆದಾರರು

* ಏನು? ಕರ್ನಾಟಕ ಕಂದಾಯ ಇಲಾಖೆಯ ಪಹಣಿ ಗಣಕೀಕರಣ ಯೋಜನೆ. ತಂತ್ರಾಂಶ: ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ (ಎನ್‌ಐಸಿ).
* ವ್ಯಾಪ್ತಿ: ಆರಂಭದಲ್ಲಿ 177 ತಾಲ್ಲೂಕು, ಸುಮಾರು 2 ಕೋಟಿ ಪಹಣಿ. ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿಯೂ ಸೇರಿವೆ.
* ರಚನೆ: ಮೊದಲು ತಾಲ್ಲೂಕು ಕಚೇರಿಯಲ್ಲೇ ಸರ್ವರ್, ನಂತರ ರಾಜ್ಯ ದತ್ತಾಂಶ ಕೇಂದ್ರ.
* ಭದ್ರತೆ: ಸಿಬ್ಬಂದಿಗೆ ಬೆರಳಿನ ಗುರುತಿನ ಲಾಗಿನ್; ಯಾರು ಏನು ತಿದ್ದಿದರೆಂಬ ದಾಖಲೆ ಉಳಿಯುತ್ತದೆ.
* ಸರದಿ: ಖಾತೆ ಬದಲಾವಣೆಯಲ್ಲಿ ಮೊದಲು ಬಂದ ಅರ್ಜಿಗೆ ಮೊದಲ ವಿಲೇವಾರಿ.
* ಪರಿಕಲ್ಪನೆ – ಲಾಕಿಂಗ್: ಹಂಚಿಕೊಂಡ ದತ್ತಸಂಚಯದಲ್ಲಿ ಒಬ್ಬರು ದಾಖಲೆ ತಿದ್ದುವಾಗ ಇನ್ನೊಬ್ಬರು ಅದನ್ನೇ ತಿದ್ದದಂತೆ ತಡೆ; ಓದಲು ಸಾಮಾನ್ಯವಾಗಿ ಅಡ್ಡಿಯಿಲ್ಲ.
* ಜೋಡಣೆ: ಆಸ್ತಿ ನೋಂದಣಿಯ ‘ಕಾವೇರಿ’ ತಂತ್ರಾಂಶ.
* ಮಹತ್ವ: ಶರಾವತಿ ಹಿನ್ನೀರು ದಾಟಲು ಹೊಳೆಬಾಗಿಲಿನ ಲಾಂಚ್ ನೆಚ್ಚಿಕೊಂಡಿದ್ದ ತುಮರಿ ಭಾಗದಂಥ ಊರುಗಳ ರೈತರಿಗೆ ಪಹಣಿ ಆನ್‌ಲೈನ್‌ನಲ್ಲಿ ಸಿಗುವುದು ನಿಜವಾದ ಆಡಳಿತ ಸುಧಾರಣೆ.