ಒಂದೇ ಯುಎಸ್‌ಬಿ ಮೂಲದಿಂದ ಹಲವು ಲಿಥಿಯಂ ಬ್ಯಾಟರಿಗಳ ಚಾರ್ಜಿಂಗ್: ಗ್ರಾಮ ಪಂಚಾಯಿತಿ ಸದಸ್ಯರಿಗೆ ಅಧ್ಯಯನ ಪಾಠ

ಪೀಠಿಕೆ

ಮುಂಗಾರಿನ ದಿನಗಳಲ್ಲಿ ಮರ ಬಿದ್ದು ವಿದ್ಯುತ್ ತಂತಿ ತುಂಡಾದರೆ ಗ್ರಾಮಗಳು ಕತ್ತಲೆಯಲ್ಲಿ ಉಳಿಯುತ್ತವೆ. ಕೆರೆ ಏರಿ ಕಾಯುವವರಿಗೆ, ನೀರಗಂಟಿಗೆ, ಆಶಾ ಕಾರ್ಯಕರ್ತೆಗೆ ಟಾರ್ಚು ಅತ್ಯಗತ್ಯವಾಗುವುದು ಅಂತಹ ರಾತ್ರಿಗಳಲ್ಲಿಯೇ. ಕಚೇರಿಯಲ್ಲಿ ಒಂದೇ ಪವರ್ ಬ್ಯಾಂಕ್ ಇದ್ದು, ಟಾರ್ಚುಗಳು ನಾಲ್ಕಿದ್ದರೆ ಅದನ್ನು ಹಂಚುವ ಕ್ರಮವನ್ನು ಮೊದಲೇ ತಿಳಿದಿರುವುದು ಒಳಿತು.

ಮೂಲದ ಎರಡು ಮಿತಿಗಳು

ಮೊದಲನೆಯದು ಪ್ರವಾಹದ ಮಿತಿ. ಸಾಮಾನ್ಯ ಯುಎಸ್‌ಬಿ ಮೂಲವು 5 ವೋಲ್ಟ್ ನೀಡುತ್ತದೆ. ಕಂಪ್ಯೂಟರಿನ ಯುಎಸ್‌ಬಿ 2.0 ಕಿಂಡಿಯಿಂದ 500 ಮಿಲಿಆಂಪಿಯರ್, ಅಂದರೆ 2.5 ವ್ಯಾಟ್ ಮಾತ್ರ ದೊರೆಯುತ್ತದೆ. 2 ಆಂಪಿಯರ್ ಎಂದು ನಮೂದಿಸಿದ ಕಿಂಡಿಯಿಂದ 10 ವ್ಯಾಟ್ ದೊರೆಯುತ್ತದೆ. ಒಂದು ಕಿಂಡಿಗೆ ನಾಲ್ಕು ಕವಲುಗಳ ತಂತಿ ಜೋಡಿಸಿದ ಮಾತ್ರಕ್ಕೆ ವಿದ್ಯುತ್ ಹೆಚ್ಚುವುದಿಲ್ಲ. ತಲಾ 1 ಆಂಪಿಯರ್ ಬೇಡುವ ನಾಲ್ಕು ಟಾರ್ಚುಗಳನ್ನು 2 ಆಂಪಿಯರ್ ಕಿಂಡಿಗೆ ಹಾಕಿದರೆ ವೋಲ್ಟೇಜ್ ಕುಸಿಯುತ್ತದೆ, ಇಲ್ಲವೇ ಮೂಲವೇ ಸ್ಥಗಿತಗೊಳ್ಳುತ್ತದೆ.

ಎರಡನೆಯದು ಸಂಗ್ರಹದ ಮಿತಿ. 10,000 ಮಿಲಿಆಂಪಿಯರ್-ಗಂಟೆಯ ಪವರ್ ಬ್ಯಾಂಕಿನ ಈ ಅಂಕಿ ಒಳಗಿನ 3.7 ವೋಲ್ಟಿನ ಕೋಶಗಳಿಗೆ ಸಂಬಂಧಿಸಿದ್ದು. ಅದನ್ನು 5 ವೋಲ್ಟಿಗೆ ಏರಿಸುವಾಗ ಅಂಕಿ ಇಳಿಯುತ್ತದೆ, ಸ್ವಲ್ಪ ನಷ್ಟವೂ ಆಗುತ್ತದೆ. ಹೊರಗೆ ದೊರೆಯುವುದು ಸುಮಾರು 6,000 ಮಾತ್ರ. ಟಾರ್ಚಿನ ಕೋಶ 2,500 ಆಗಿದ್ದು, ಅದರ ಚಾರ್ಜಿಂಗ್ ಮಂಡಲ ಸರಳ ಬಗೆಯದಾಗಿದ್ದರೆ, ಎರಡು ಟಾರ್ಚುಗಳು ಪೂರ್ಣ ತುಂಬುತ್ತವೆ. ಮೂರನೆಯದು ಅರ್ಧವೂ ತುಂಬುವುದಿಲ್ಲ. ನಾಲ್ಕನೆಯದಕ್ಕೆ ಏನೂ ಉಳಿಯುವುದಿಲ್ಲ.

ಸರದಿಯ ಪ್ರಯೋಜನ

ವಿದ್ಯುತ್ ಇರುವಾಗ 2 ಆಂಪಿಯರ್ ಅಡಾಪ್ಟರಿನಿಂದ ನಾಲ್ಕೂ ಟಾರ್ಚುಗಳನ್ನು ತುಂಬಲು ಕನಿಷ್ಠ 5 ಗಂಟೆ ಬೇಕು. ಕೋಶವು 4.2 ವೋಲ್ಟ್ ತಲುಪಿದ ಮೇಲೆ ಪ್ರವಾಹ ತಾನಾಗಿ ಕ್ಷೀಣಿಸುವುದರಿಂದ ವಾಸ್ತವದಲ್ಲಿ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ. ನಾಲ್ಕನ್ನೂ ಒಟ್ಟಿಗೆ ಹಾಕಿದರೆ ಕೊನೆಯವರೆಗೆ ಒಂದೂ ಪೂರ್ಣವಾಗಿರುವುದಿಲ್ಲ. ಎರಡೆರಡರಂತೆ ಹಾಕಿದರೆ ಸುಮಾರು 3 ಗಂಟೆಗಳಲ್ಲಿ ಎರಡು ಸಿದ್ಧವಾಗುತ್ತವೆ. ನಡುವೆ ವಿದ್ಯುತ್ ಹೋದರೂ ಏರಿ ಕಾಯುವವರ ಕೈಯಲ್ಲಿ ಬೆಳಕಿರುತ್ತದೆ.

ಸುರಕ್ಷತೆ

1. ಬಿಡಿ ಕೋಶಕ್ಕೆ 5 ವೋಲ್ಟಿನ ತಂತಿಯನ್ನು ನೇರವಾಗಿ ಜೋಡಿಸಬಾರದು. 4.2 ವೋಲ್ಟಿನಲ್ಲಿ ನಿಲ್ಲಿಸುವ ಚಾರ್ಜಿಂಗ್ ಮಂಡಲ ಪ್ರತಿ ಕೋಶಕ್ಕೂ ಪ್ರತ್ಯೇಕವಾಗಿರತಕ್ಕದ್ದು.
2. ಒಂದು ತುಂಬಿದ, ಇನ್ನೊಂದು ಬರಿದಾದ ಕೋಶಗಳನ್ನು ಸಮಾನಾಂತರವಾಗಿ ಜೋಡಿಸಬಾರದು. ತುಂಬಿದುದರಿಂದ ಬರಿದಾದುದಕ್ಕೆ ಭಾರಿ ಪ್ರವಾಹ ಹರಿದು ಅತಿಯಾಗಿ ಬಿಸಿಯಾಗಬಹುದು.
3. ಉಬ್ಬಿದ, ಜಜ್ಜಿದ ಅಥವಾ ನೀರಿನಲ್ಲಿ ನೆನೆದ ಬ್ಯಾಟರಿಯನ್ನು ಚಾರ್ಜಿಗೆ ಹಾಕಬಾರದು.
4. ಕಡತಗಳ ಕಪಾಟಿನ ಮೇಲೆ, ಹಾಸಿಗೆಯ ಮೇಲೆ ಚಾರ್ಜ್ ಮಾಡದೆ, ಕಲ್ಲು ಅಥವಾ ಸಿಮೆಂಟ್ ನೆಲದ ಮೇಲೆ, ಕಣ್ಣಳತೆಯಲ್ಲಿ ಇಡತಕ್ಕದ್ದು.
5. ಹಾಳಾದ ಬ್ಯಾಟರಿಯನ್ನು ಮನೆಯ ಕಸದೊಂದಿಗೆ ಬೆರೆಸಬಾರದು. ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022 ಸಹ ಪ್ರತ್ಯೇಕ ವಿಲೇವಾರಿಯನ್ನು ವಿಧಿಸುತ್ತವೆ. ಒಣಕಸದ ರಾಶಿಯಲ್ಲಿ ಇಂತಹ ಬ್ಯಾಟರಿ ಜಜ್ಜಿಹೋದರೆ ಬೆಂಕಿ ಹತ್ತಬಹುದು. ಅಪಾಯಕ್ಕೆ ಒಡ್ಡಿಕೊಳ್ಳುವವರು ಕಸ ವಿಂಗಡಿಸುವ ಮಹಿಳೆಯರು.

ಸಭೆಯಲ್ಲಿ ನಿರ್ಧರಿಸಬೇಕಾದುದು

ಯಾವ ಟಾರ್ಚು ಮೊದಲು ಎಂಬುದು ತಾಂತ್ರಿಕ ಪ್ರಶ್ನೆಯಲ್ಲ, ಪಂಚಾಯಿತಿಯ ತೀರ್ಮಾನ. ಆ ರಾತ್ರಿ ಹೊರಗೆ ಹೋಗಲೇಬೇಕಾದವರ ಟಾರ್ಚಿಗೆ ಆದ್ಯತೆ ಸಲ್ಲುವುದು ನ್ಯಾಯ. ಮಳೆಗಾಲಕ್ಕೆ ಮುನ್ನವೇ ಆದ್ಯತಾ ಪಟ್ಟಿ ಸಿದ್ಧಪಡಿಸಿ ಚಾರ್ಜಿಂಗ್ ಸ್ಥಳದಲ್ಲಿ ಅಂಟಿಸಿದರೆ ಕತ್ತಲೆಯಲ್ಲಿ ವಾದಕ್ಕೆ ಆಸ್ಪದವಿರುವುದಿಲ್ಲ.

ಅಭ್ಯಾಸ

1. ಪಂಚಾಯಿತಿಯಲ್ಲಿರುವ ಟಾರ್ಚು, ಪವರ್ ಬ್ಯಾಂಕ್ ಹಾಗೂ ಅಡಾಪ್ಟರುಗಳ ಮೇಲಿನ ಅಂಕಿಗಳನ್ನು ಓದಿ ಪಟ್ಟಿ ಮಾಡಿರಿ.
2. 20,000 ಮಿಲಿಆಂಪಿಯರ್-ಗಂಟೆಯ ಪವರ್ ಬ್ಯಾಂಕಿನಿಂದ ಮೇಲಿನ ಬಗೆಯ ಎಷ್ಟು ಟಾರ್ಚುಗಳು ಪೂರ್ಣ ತುಂಬುತ್ತವೆ? (ಉತ್ತರ: ನಾಲ್ಕು, ಐದನೆಯದು ಬಹುಮಟ್ಟಿಗೆ.)
3. ಎರಡು ರಾತ್ರಿ ವಿದ್ಯುತ್ ಇಲ್ಲದಿದ್ದರೆ ಯಾರ ಟಾರ್ಚು ಮೊದಲು? ಚರ್ಚಿಸಿ, ನಡವಳಿ ಪುಸ್ತಕದಲ್ಲಿ ದಾಖಲಿಸಿರಿ.