ತಿರುವಿನಲ್ಲಿ ಬೈಕ್ ಎಷ್ಟು ವಾಲಿಸಬಹುದು? ಹೊಸ ಸವಾರರಿಗೆ ಹನ್ನೊಂದು ಸೂತ್ರ

ಬೈಕ್ ಕಲಿತ ಹೊಸತರಲ್ಲಿ ಎಲ್ಲರಿಗೂ ಘಾಟಿ ಹತ್ತುವ ಆಸೆ. ಆಗುಂಬೆಯೋ ಚಾರ್ಮಾಡಿಯೋ ಮುಳ್ಳಯ್ಯನಗಿರಿಯೋ, ಒಟ್ಟಿನಲ್ಲಿ ತಿರುವು ಇರಬೇಕು. ಹೊರಡುವ ಹಿಂದಿನ ರಾತ್ರಿ ನೋಡಿದ ರೀಲ್ಸ್‌ನಲ್ಲಿ ಯಾರೋ ಗಾಡಿ ಮಲಗಿಸಿ, ಮಂಡಿಯನ್ನು ಟಾರಿಗೆ ತಾಗಿಸಿ ಹೋಗಿರುತ್ತಾರೆ. ಬೆಳಗ್ಗೆ ಹೆಲ್ಮೆಟ್ ಹಾಕುವಾಗ ಅದೇ ಪ್ರಶ್ನೆ ಕೊರೆಯುತ್ತದೆ: ನಾನು ಎಷ್ಟು ವಾಲಿಸಬಹುದು?

ಉತ್ತರ ಚಿಕ್ಕದು. ಒಣಗಿದ, ಸ್ವಚ್ಛವಾದ ರಸ್ತೆಯಲ್ಲಿ ಸುಮಾರು 20 ಡಿಗ್ರಿ. ಒಳ್ಳೆಯ ಟೈರಿರುವ ಬೈಕು ಇದಕ್ಕಿಂತ ಎಷ್ಟೋ ಹೆಚ್ಚು ವಾಲಬಲ್ಲದು. ಆ ಹೆಚ್ಚಿನ ಭಾಗವನ್ನು ಆಪತ್ತಿಗೆಂದು ಎತ್ತಿಡಿ. ಯಾಕೆ, ಹೇಗೆ ಎಂಬುದಕ್ಕೆ ಈ ಸೂತ್ರಗಳು.

1. ವೇಗ ನೋಡಿಕೊಳ್ಳಿ, ಕೋನ ತಾನಾಗಿ ಬರುತ್ತದೆ

ಗಾಡಿ ಎಷ್ಟು ವಾಲಬೇಕೆಂದು ತೀರ್ಮಾನಿಸುವುದು ಎರಡೇ: ನಿಮ್ಮ ವೇಗ ಮತ್ತು ತಿರುವಿನ ಬಿಗಿ. ತೂಕಕ್ಕೆ ಇಲ್ಲಿ ಕೆಲಸವಿಲ್ಲ. ಸ್ಪ್ಲೆಂಡರ್ ಆಗಲಿ ಬುಲೆಟ್ ಆಗಲಿ, ಒಂದೇ ವೇಗಕ್ಕೆ ಹೆಚ್ಚುಕಮ್ಮಿ ಒಂದೇ ಕೋನ. 15 ಮೀಟರ್ ತ್ರಿಜ್ಯದ ಹೇರ್‌ಪಿನ್ ತಿರುವೊಂದನ್ನು ತೆಗೆದುಕೊಳ್ಳಿ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಸುಮಾರು 12 ಡಿಗ್ರಿ ಸಾಕು. 25ಕ್ಕೆ 18 ಡಿಗ್ರಿ, 30ಕ್ಕೆ 25. ವೇಗ 40 ಆದರೆ ಕೋನವೂ 40! ಮೀಟರಿನ ಮುಳ್ಳು ಚೂರು ಮೇಲೆ ಹೋದರೂ ಗಾಡಿ ತುಂಬಾ ಮಲಗಬೇಕಾಗುತ್ತದೆ. ಸ್ವಲ್ಪ ಅಗಲವಾದ, 50 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 48 ಕಿ.ಮೀ. ವೇಗಕ್ಕೆ 20 ಡಿಗ್ರಿ. 60ಕ್ಕೆ 30 ಡಿಗ್ರಿಯ ಹತ್ತಿರ. ಟೈರ್ ದಪ್ಪವಿದ್ದರೆ ಇನ್ನೊಂದಿಷ್ಟು ಸೇರಿಸಿಕೊಳ್ಳಿ.

2. ಟೈರಿನ ಹಿಡಿತವನ್ನು ಪೂರ್ತಿ ಖರ್ಚು ಮಾಡಬೇಡಿ

ಟೈರಿನ ಹಿಡಿತ ತಿಂಗಳ ಸಂಬಳವಿದ್ದಂತೆ: ತಿರುಗುವುದಕ್ಕೆ ಖರ್ಚಾದಷ್ಟು ಬ್ರೇಕಿಗೆ ಉಳಿಯುವುದು ಕಡಿಮೆ. ಒಣ ಟಾರಿನ ಘರ್ಷಣಾಂಕ 0.8 ಎಂದು ಹಿಡಿದು ಲೆಕ್ಕ ಹಾಕಿ. 20 ಡಿಗ್ರಿ ವಾಲಿದಾಗಲೂ ಬ್ರೇಕಿಗೆ ಬೇಕಾದ ಹಿಡಿತದಲ್ಲಿ ಹತ್ತಿರ ಹತ್ತಿರ ಶೇ 90 ಕೈಯಲ್ಲಿರುತ್ತದೆ. 35 ಡಿಗ್ರಿಗೆ ಹೋದರೆ ಅರ್ಧಕ್ಕಿಂತ ಕಡಿಮೆ. 38–39ಕ್ಕೆ ಸೊನ್ನೆ. ತಿರುವಿನಾಚೆ ದನ ಅಡ್ಡ ನಿಂತಿದ್ದರೆ ನಿಮ್ಮನ್ನು ಉಳಿಸುವುದು ಆ ಉಳಿಕೆಯೇ.

20 ಎಂಬ ಸಂಖ್ಯೆಗೆ ಇನ್ನೊಂದು ಕಾರಣವೂ ಇದೆ. ಬೈಕ್ ಸವಾರಿಯ ಮನಶ್ಶಾಸ್ತ್ರದ ಬಗ್ಗೆ ಬರೆದ ಜರ್ಮನಿಯ ಬರ್ನ್ಟ್ ಸ್ಪೀಗೆಲ್ ಪ್ರಕಾರ ಮನುಷ್ಯನಿಗೆ ಹುಟ್ಟಿನಿಂದ ಒಗ್ಗಿದ ವಾಲುವಿಕೆ ಸುಮಾರು 20 ಡಿಗ್ರಿ. ಅದನ್ನು ಮೀರಿದರೆ ಮೈ ತಾನಾಗಿ ಬಿಗಿಯುತ್ತದೆ, ಭಯ ಕೈಗಿಳಿಯುತ್ತದೆ. ಅದರಾಚೆಗೆ ಅಭ್ಯಾಸದಿಂದಲೇ ಹೋಗಬೇಕು, ಹುಮ್ಮಸ್ಸಿನಿಂದ ಅಲ್ಲ.

3. ಬ್ರೇಕ್, ಗೇರ್ ಎಲ್ಲ ತಿರುವಿಗೆ ಮುಂಚೆಯೇ ಮುಗಿಯಲಿ

ಗಾಡಿ ನೇರವಾಗಿರುವಾಗಲೇ ಎರಡೂ ಬ್ರೇಕ್ ಹಿಡಿದು ವೇಗ ಇಳಿಸಿ. ಗೇರ್ ಕಡಿಮೆ ಮಾಡಿ, ಕ್ಲಚ್ ಪೂರ್ತಿ ಬಿಡಿ, ಆಮೇಲೆ ತಿರುಗಿಸಿ. ಎಷ್ಟು ವೇಗ ಸರಿ ಎಂಬ ಅನುಮಾನ ಬಂದರೆ ಅನಿಸಿದ್ದಕ್ಕಿಂತ 5 ಕಿ.ಮೀ. ಕಡಿಮೆಯಲ್ಲಿ ಹೋಗಿ. ನಿಧಾನವಾಗಿ ಒಳಹೊಕ್ಕವರು ಹೊರಬರುವಾಗ ವೇಗ ಕೂಡಿಸಿಕೊಳ್ಳಬಹುದು. ವೇಗವಾಗಿ ನುಗ್ಗಿದವರಿಗೆ ಆ ಅವಕಾಶವಿಲ್ಲ. ಘಾಟಿ ಇಳಿಯುವಾಗ ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್‌ಗೆ ಹಾಕುವ ಚಟವಿದ್ದರೆ ಇವತ್ತೇ ಬಿಡಿ. ಎಂಜಿನ್ನಿನ ತಡೆ ಇಲ್ಲದೆ ಹೋದರೆ ಭಾರವೆಲ್ಲ ಬ್ರೇಕಿನ ಮೇಲೆಯೇ ಬೀಳುತ್ತದೆ.

4. ಹೋಗಬೇಕಾದ ಕಡೆ ನೋಡಿ

ಕಣ್ಣು ಹೋದತ್ತ ಗಾಡಿ ಹೋಗುತ್ತದೆ. ತಡೆಗೋಡೆಯನ್ನೇ ದಿಟ್ಟಿಸಿದರೆ ತಡೆಗೋಡೆಗೇ ಹೋಗುತ್ತೀರಿ. ಗಲ್ಲ ತಿರುಗಿಸಿ, ತಿರುವು ಬಿಚ್ಚಿಕೊಳ್ಳುವ ಕೊನೆಯನ್ನು ಹುಡುಕಿ. ಆ ಕೊನೆ ಕಾಣಿಸದಿದ್ದರೆ, ಕಾಣುವಷ್ಟು ದೂರದೊಳಗೆ ಗಾಡಿ ನಿಲ್ಲಿಸಲಾಗುವ ವೇಗದಲ್ಲಿರಿ. ಸೋಮೇಶ್ವರದಿಂದ ಆಗುಂಬೆಗೆ ಹತ್ತುವ 14 ಹೇರ್‌ಪಿನ್‌ಗಳಲ್ಲಿ ಈ ಒಂದನ್ನು ಪಾಲಿಸಿದರೂ ಅರ್ಧ ಕಲಿತಂತೆ.

5. ಎಡಕ್ಕೆ ಹೋಗಲು ಎಡ ಹ್ಯಾಂಡಲ್ ಒತ್ತಿ

ನಂಬಲು ಕಷ್ಟ, ಆದರೆ ನಿಜ. ತೀರಾ ನಿಧಾನದ ಚಾಲನೆ ಬಿಟ್ಟರೆ ಬೈಕು ವಾಲುವುದು ಹೀಗೆಯೇ: ಎಡ ಹಿಡಿಯನ್ನು ಮುಂದಕ್ಕೆ ಮೆಲ್ಲಗೆ ಒತ್ತಿದರೆ ಚಕ್ರ ಕ್ಷಣಕಾಲ ಬಲಕ್ಕೆ ಸರಿದು ಗಾಡಿ ಎಡಕ್ಕೆ ಬಾಗುತ್ತದೆ. ಇದೇ ಕೌಂಟರ್ ಸ್ಟೀರಿಂಗ್. ಖಾಲಿ ನೇರ ರಸ್ತೆಯಲ್ಲಿ 40 ಕಿ.ಮೀ. ವೇಗದಲ್ಲಿ ಹೋಗುತ್ತಾ ಅಂಗೈಯಿಂದ ಒಂಚೂರು ಒತ್ತಿ ನೋಡಿ, ಗೊತ್ತಾಗುತ್ತದೆ. ಗೊತ್ತಿದ್ದು ಮಾಡುವವರಿಗೆ ಅಪಾಯದ ಹೊತ್ತಿನಲ್ಲೂ ಗಾಡಿ ಮಾತು ಕೇಳುತ್ತದೆ.

6. ತಿರುವಿನೊಳಗೆ ಆಕ್ಸಿಲರೇಟರ್ ಸ್ಥಿರವಾಗಿರಲಿ

ಒಮ್ಮೆಲೇ ಬಿಟ್ಟರೆ ಭಾರ ಮುಂದಿನ ಟೈರಿಗೆ ಬಂದು ಕೂರುತ್ತದೆ. ಒಮ್ಮೆಲೇ ತಿರುವಿದರೆ ಹಿಂದಿನ ಟೈರ್ ಜಾರಬಹುದು. ಗಾಡಿ ವಾಲಿದ ಮೇಲೆ ವೇಗ ಬೀಳದಷ್ಟು ಮಾತ್ರ ಕೊಡಿ. ಹೊರದಾರಿ ಕಂಡು ಗಾಡಿ ನೆಟ್ಟಗಾಗುತ್ತಿದ್ದಂತೆ ಹೆಚ್ಚಿಸುತ್ತಾ ಹೋಗಿ. ಹತ್ತುವ ಹೇರ್‌ಪಿನ್‌ನ ನಡುವೆ ಕ್ಲಚ್ ಹಿಡಿಯಲೇಬೇಡಿ. ಎಂಜಿನ್ ಎಳೆತ ತಪ್ಪಿದರೆ ನಿಧಾನದ ಗಾಡಿ ಒಳಗಡೆಗೆ ಬಿದ್ದುಬಿಡುತ್ತದೆ.

7. ವೇಗ ಜಾಸ್ತಿಯಾಯಿತು ಅನಿಸಿದರೆ ಇನ್ನಷ್ಟು ವಾಲಿಸಿ

ಎತ್ತಿಟ್ಟ ಉಳಿಕೆ ಕೆಲಸಕ್ಕೆ ಬರುವುದು ಇಲ್ಲೇ. 1981ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ತಂಡ ಲಾಸ್ ಏಂಜಲೀಸ್ ಸುತ್ತಮುತ್ತಲ 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿದ ವರದಿ ಹೊರತಂದಿತು. ಬೇರೆ ವಾಹನದ ಸಂಬಂಧವೇ ಇಲ್ಲದ ಅಪಘಾತಗಳಲ್ಲಿ ಪದೇ ಪದೇ ಕಂಡ ತಪ್ಪುಗಳು ಎರಡು: ಅತಿಯಾಗಿ ಬ್ರೇಕ್ ಹಿಡಿದು ಜಾರಿದ್ದು, ಇಲ್ಲವೇ ವೇಗ ಹೆಚ್ಚಾಗಿ ಅಥವಾ ಬೇಕಾದಷ್ಟು ತಿರುಗಿಸದೆ ತಿರುವಿನಿಂದ ಹೊರಹೋದದ್ದು. ಹೆದರಿದ ಸವಾರ ಗಾಡಿಯನ್ನು ನೆಟ್ಟಗೆ ಮಾಡುತ್ತಾನೆ, ಬ್ರೇಕ್ ಅದುಮುತ್ತಾನೆ. ಬೈಕಿಗೆ ಇನ್ನೂ 10 ಡಿಗ್ರಿ ವಾಲುವ ತಾಕತ್ತಿದ್ದರೂ ಚರಂಡಿಗೆ ಇಳಿಯುತ್ತಾನೆ. ನೀವು ಹೊರದಾರಿ ನೋಡಿ, ಒಳಗಿನ ಹಿಡಿಯನ್ನು ಇನ್ನಷ್ಟು ಒತ್ತಿ, ಆಕ್ಸಿಲರೇಟರ್ ಅಲುಗಿಸಬೇಡಿ. ನಿಲ್ಲಿಸಲೇಬೇಕಾದ ಅಡ್ಡಿ ಎದುರಾದರೆ, ಮುಂದೆ ಜಾಗವೂ ಇದ್ದರೆ, ಮೊದಲು ಗಾಡಿ ನೆಟ್ಟಗೆ ಮಾಡಿ, ಆಮೇಲೆ ಗಟ್ಟಿಯಾಗಿ ಬ್ರೇಕ್ ಹಿಡಿಯಿರಿ.

8. ರಸ್ತೆಯ ಮೈ ನೋಡಿ ಕೋನ ಇಳಿಸಿ

ಒದ್ದೆ ರಸ್ತೆಯ ಘರ್ಷಣಾಂಕ 0.5ಕ್ಕೆ ಇಳಿಯಿತೆನ್ನಿ. ಆಗ ಗಾಡಿ ಜಾರುವ ಮಿತಿಯೇ 26 ಡಿಗ್ರಿ ಆಸುಪಾಸು. ನಿಮ್ಮ 20 ಅಲ್ಲಿ ತೀರಾ ದುಬಾರಿ, 10 ಸಾಕು. ವರ್ಷದ ಮೊದಲ ಮಳೆ ಇನ್ನೂ ಮೋಸ, ತಿಂಗಳುಗಟ್ಟಲೆ ಕೂತ ಎಣ್ಣೆ-ಧೂಳು ನೀರಿನೊಂದಿಗೆ ಮೇಲೆದ್ದು ಜಾರುತ್ತದೆ. ಮಲೆನಾಡಿನಲ್ಲಿ ಮರದ ನೆರಳಿನ ತಿರುವುಗಳಲ್ಲಿ ಪಾಚಿ. ಬಯಲುಸೀಮೆಯಲ್ಲಿ ಸುಗ್ಗಿ ಬಂದರೆ ಒಕ್ಕಣೆಗೆಂದು ಟಾರಿನ ಮೇಲೆ ಹಾಸಿದ ಹುರುಳಿ: ಮೇಲೆ ಮೆತ್ತಗೆ ಕಾಣುವ ಹೊಟ್ಟು, ಅಡಿಯಲ್ಲಿ ಉರುಳುವ ಕಾಳು. ಅದರ ಮೇಲೆ ವಾಲಿಸುವ ಮಾತೇ ಇಲ್ಲ; ಮುಂಚೆಯೇ ನಿಧಾನಿಸಿ, ಬ್ರೇಕ್ ಮುಟ್ಟದೆ ನೆಟ್ಟಗೆ ದಾಟಿ. ಲಾರಿಯಿಂದ ಉದುರಿದ ಮರಳು, ತಿರುವಿನಲ್ಲಿ ಚೆಲ್ಲಿದ ಡೀಸೆಲ್, ದಪ್ಪ ಬಣ್ಣದ ಪಟ್ಟೆ, ಎಲ್ಲಕ್ಕೂ ಇದೇ ನಿಯಮ.

9. ತಲೆ ಗೆರೆ ದಾಟದಿರಲಿ

20 ಡಿಗ್ರಿ ವಾಲಿದಾಗ ನಿಮ್ಮ ತಲೆ ಟೈರಿಗಿಂತ ಸುಮಾರು ಅರ್ಧ ಮೀಟರ್ ಒಳಗಿರುತ್ತದೆ. ಬಲ ತಿರುವಿನಲ್ಲಿ ಟೈರ್ ಮಧ್ಯದ ಗೆರೆಯ ಪಕ್ಕದಲ್ಲಿದ್ದರೆ ತಲೆ ಎದುರಿನವರ ಜಾಗದಲ್ಲಿದೆ ಎಂದರ್ಥ. ಅತ್ತಲಿಂದ ಬರುವ ಬಸ್ಸಿಗೆ ಹೇರ್‌ಪಿನ್ ತಿರುಗಲು ಪೂರ್ತಿ ರಸ್ತೆ ಬೇಕು. ಆದ್ದರಿಂದ ಬಲ ತಿರುವಿಗೆ ಎಡ ಅಂಚಿನ ಕಡೆಯಿಂದ ಹೊಕ್ಕು ನಿಮ್ಮ ಪಾಲಿನ ರಸ್ತೆಯಲ್ಲೇ ಇರಿ. ಎಡ ತಿರುವಿನಲ್ಲಿ ವೇಗ ಹೆಚ್ಚಾದರೆ ಗಾಡಿ ಎದುರಿನ ಸಾಲಿಗೇ ಹೋಗುತ್ತದೆ. ಅಲ್ಲಿ ಇನ್ನೂ ಜೋಪಾನ. ತಿರುವಿಗೆ ಮುಂಚೆ ಹಾರ್ನ್ ಮಾಡಿ. ಕಿರಿದಾದ ಏರಿನಲ್ಲಿ ಹತ್ತುವ ವಾಹನಕ್ಕೆ ಮೊದಲು ದಾರಿ ಬಿಡಿ.

10. ನಿಮ್ಮ ಗಾಡಿಗೂ ಒಂದು ಮಿತಿಯಿದೆ, ತಿಳಿದುಕೊಳ್ಳಿ

ಕೆಳಗೆ ಕೂತ ಕ್ರೂಸರ್‌ಗಳ ಫುಟ್‌ರೆಸ್ಟ್ ಬೇಗ ನೆಲ ಮುಟ್ಟುತ್ತದೆ. ಮಡಚಿಕೊಳ್ಳುವ ಫುಟ್‌ರೆಸ್ಟ್ ಉಜ್ಜಿದರೆ ಅದು ಎಚ್ಚರಿಕೆ. ಮಡಚಿಕೊಳ್ಳದ ಸೆಂಟರ್ ಸ್ಟ್ಯಾಂಡೋ ಸೈಲೆನ್ಸರೋ ಊರಿಕೊಂಡರೆ ಟೈರ್ ನೆಲ ಬಿಟ್ಟೇಳುತ್ತದೆ. ಹಿಂದೆ ಒಬ್ಬರು ಕೂತು, ಬ್ಯಾಗೂ ಕಟ್ಟಿದ್ದರೆ ಹಿಂದಿನ ಸಸ್ಪೆನ್ಷನ್ ಕುಗ್ಗಿ ಇವೆಲ್ಲ ಇನ್ನೂ ಬೇಗ ತಾಗುತ್ತವೆ. ಹೊರಡುವ ಮುಂಚೆ ಟೈರಿನ ಗಾಳಿ, ಸವೆತ, ಸೈಡ್ ಸ್ಟ್ಯಾಂಡ್, ಈ ಮೂರನ್ನು ನೋಡಿ. ಇಳಿದೇ ಉಳಿದ ಸೈಡ್ ಸ್ಟ್ಯಾಂಡ್ ಎಡ ತಿರುವಿನಲ್ಲಿ ಜೀವ ತೆಗೆಯುತ್ತದೆ. ಹೊಸ ಟೈರ್ ಹಾಕಿಸಿದ್ದರೆ ಮೊದಲ ನೂರು ಕಿ.ಮೀ. ಮೆಲ್ಲಗೆ ಓಡಿಸಿ, ನುಣುಪು ಹೋಗಲಿ.

ಎಬಿಎಸ್ ಇದೆ ಎಂಬ ಧೈರ್ಯವೂ ಬೇಡ. 125 ಸಿಸಿ ಮೀರಿದ ಹೊಸ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಅದು ಕಡ್ಡಾಯ, ನಿಜ. ಆದರೆ ಸಾಮಾನ್ಯ ಎಬಿಎಸ್‌ಗೆ ಗಾಡಿ ಎಷ್ಟು ವಾಲಿದೆ ಎಂಬುದು ತಿಳಿಯುವುದಿಲ್ಲ. ಅದನ್ನು ಅಳೆಯುವ ಕಾರ್ನರಿಂಗ್ ಎಬಿಎಸ್ ಕೆಟಿಎಂ 390 ಅಡ್ವೆಂಚರ್‌ನಂಥ ಕೆಲವು ಬೈಕುಗಳಲ್ಲಷ್ಟೇ ಇದೆ.

11. ಮೈದಾನದಲ್ಲಿ ಕಲಿಯಿರಿ, ಗಡಿಯಾರದಲ್ಲಿ ಅಳೆಯಿರಿ

ಫೋನಿನ ಮಟ್ಟ ನೋಡುವ ಆ್ಯಪನ್ನು ಹ್ಯಾಂಡಲ್‌ಗೆ ಕಟ್ಟಿ ಕೋನ ಅಳೆಯಲು ಹೋಗಬೇಡಿ. ತಿರುವಿನಲ್ಲಿ ಭೂಮಿಯ ಸೆಳೆತ, ಹೊರಗೆಳೆಯುವ ಬಲ ಎರಡೂ ಸೇರಿ ಬೈಕಿನ ಉದ್ದಕ್ಕೇ ಕೆಳಗೆ ಒತ್ತುವುದರಿಂದ ಅದು ಹೆಚ್ಚುಕಮ್ಮಿ ಸೊನ್ನೆ ತೋರಿಸುತ್ತದೆ!

ಇದಕ್ಕಿಂತ ಸುಲಭದ ದಾರಿಯಿದೆ. ಜಲ್ಲಿಯಿಲ್ಲದ, ಸಮತಟ್ಟಾದ ಕಾಂಕ್ರೀಟ್ ಅಥವಾ ಟಾರಿನ ಖಾಲಿ ಅಂಗಳ ಹುಡುಕಿ. 10 ಮೀಟರ್ ಹಗ್ಗದ ಒಂದು ತುದಿ ನಡುವೆ ಹಿಡಿದು, ಇನ್ನೊಂದು ತುದಿಯಲ್ಲಿ ಸೀಮೆಸುಣ್ಣದಿಂದ ವೃತ್ತ ಎಳೆಯಿರಿ. ಹೆಲ್ಮೆಟ್, ಜಾಕೆಟ್, ಗ್ಲೌಸ್, ಶೂ ಹಾಕಿ ಎರಡನೇ ಗೇರಿನಲ್ಲಿ ಆ ಗೆರೆಯ ಮೇಲೆ ಸುತ್ತಿ. ಸ್ನೇಹಿತರೊಬ್ಬರು ಸಮಯ ನೋಡಲಿ. ಒಂದು ಸುತ್ತಿಗೆ 15 ಸೆಕೆಂಡಾದರೆ ನೀವು ವಾಲಿದ್ದು ಸುಮಾರು 10 ಡಿಗ್ರಿ. ಹತ್ತೂವರೆ ಸೆಕೆಂಡಾದರೆ 20 ಡಿಗ್ರಿ. ಅಷ್ಟಕ್ಕೇ ನಿಲ್ಲಿಸಿ. ಎಡಕ್ಕೆ ಸಲೀಸಾಗಿ, ಬಲಕ್ಕೆ ಬಿಗಿಯಾಗಿ ಅನಿಸುವುದು ಹಲವರಿಗೆ ಸಹಜ. ಬಿಗಿಯಾದ ಕಡೆಗೇ ಹೆಚ್ಚು ಸುತ್ತಿ. ಭುಜ ಸಡಿಲ, ಮಂಡಿಯ ಹಿಡಿತ ಟ್ಯಾಂಕಿನ ಮೇಲೆ, ಕಣ್ಣು ವೃತ್ತದ ಆಚೆ ಬದಿಗೆ.

ಅದಕ್ಕೂ ಮೀರಿ ವಾಲಿಸುವ ಹಂಬಲವಿದ್ದರೆ ಅದರ ಜಾಗ ರೇಸ್ ಟ್ರ್ಯಾಕು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕು ನಮಗೆ ಹತ್ತಿರ. 2023ರಲ್ಲಿ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್‌ಗೆ ಬಂದಿದ್ದ ಮೋಟೋಜಿಪಿ ಸವಾರರು 60 ಡಿಗ್ರಿ ದಾಟಿ ವಾಲುತ್ತಾರೆ. ಅವರದು ಮೊದಲೇ ಬಿಸಿ ಮಾಡಿದ ಸ್ಲಿಕ್ ಟೈರು, ಗುಡಿಸಿದ ಟ್ರ್ಯಾಕು. ಅಲ್ಲಿ ಎದುರಿನಿಂದ ಯಾರೂ ಬರುವುದಿಲ್ಲ.

ಟೈರಿನ ಅಂಚಿನಲ್ಲಿ ಸವೆಯದೆ ಉಳಿದ ಪಟ್ಟಿ ನೋಡಿ ಸ್ನೇಹಿತರು ಗೇಲಿ ಮಾಡಿದರೆ ಮಾಡಲಿ, ಅದು ಎತ್ತಿಟ್ಟ ಹಿಡಿತ. ನಿಮ್ಮ ಪ್ರಗತಿಗೆ ಬೇರೆ ಲೆಕ್ಕ ಇಟ್ಟುಕೊಳ್ಳಿ. ಘಾಟಿ ಹತ್ತಿದ ಮೇಲೆ ಟೀ ಅಂಗಡಿಯಲ್ಲಿ ಕೂತು, ತಿರುವಿನ ಮಧ್ಯೆ ಎಷ್ಟು ಸಲ ಗಾಬರಿಯಿಂದ ಬ್ರೇಕ್ ಹಿಡಿದೆ ಎಂದು ಎಣಿಸಿ. ಆ ಸಂಖ್ಯೆ ಸೊನ್ನೆಯಾಗುವವರೆಗೆ ವೇಗ ಹೆಚ್ಚಿಸಬೇಡಿ.