ಒಂದು ಸರದಿಗಾಗಿ ಮೂರು ಗಂಟೆ

ಕ್ರಿಕೆಟ್‌ನ ಪಿಂಚ್ ಹಿಟ್ಟರ್ ಬೇಗ ರನ್ ಬಾಚಲು ಮೇಲಿನ ಕ್ರಮಾಂಕದಲ್ಲಿ ಬರುವವನು. ಬೇಸ್‌ಬಾಲ್‌ನಲ್ಲಿ ಹಾಗಲ್ಲ, ಇನ್ನೊಬ್ಬನ ಸರದಿಗೆ ಬದಲಿಯಾಗಿ ಬ್ಯಾಟ್ ಹಿಡಿಯುವವನು. ಆ ಇನ್ನೊಬ್ಬ ಮತ್ತೆ ಆ ಪಂದ್ಯಕ್ಕೆ ಮರಳುವಂತಿಲ್ಲ. ಅಮೆರಿಕದ ನ್ಯಾಷನಲ್ ಲೀಗ್‌ನಲ್ಲಿ ಈ ಬದಲಿ ಕೆಲಸದಿಂದಲೇ ಅನ್ನ ಉಂಡವನು ನಾನು. ಕಲಿತದ್ದು ಇಷ್ಟು.

1. ಕೂತಲ್ಲೇ ಕೂತರೆ ಕೆಟ್ಟೆ. ಮೊದಲ ವರ್ಷ ಏಳು ಇನಿಂಗ್ಸ್ ಬೆಂಚಿನ ಮೇಲೆ ಸೂರ್ಯಕಾಂತಿ ಬೀಜ ಬಿಡಿಸುತ್ತ ಕೂತಿದ್ದೆ. ಏಪ್ರಿಲ್ ರಾತ್ರಿಯ ಚಳಿ. ಎಂಟನೆಯದರಲ್ಲಿ ಮ್ಯಾನೇಜರ್ ಕರೆದರು. ಮೂರು ಎಸೆತ, ಮೂರೂ ಸಲ ಗಾಳಿಗೆ ಬೀಸಿದೆ, ಸೊಂಟವೇ ತಿರುಗಲಿಲ್ಲ. ಅಂದಿನಿಂದ ಐದನೇ ಇನಿಂಗ್ಸ್ ಮುಗಿದರೆ ಗ್ಯಾಲರಿಯ ಕೆಳಗಿನ ಅಭ್ಯಾಸದ ಬಲೆಯೊಳಗೆ ಹೋಗಿ ಬೆವರು ಬರುವವರೆಗೆ ಹೊಡೆಯುತ್ತಿದ್ದೆ.

2. ಕರೆ ಬರುವ ಮೊದಲೇ ಲೆಕ್ಕ ಹಾಕಿರಿ. ಚೆಂಡೆಸೆಯುವ ನಮ್ಮ ಪಿಚರ್‌ನ ಬ್ಯಾಟಿಂಗ್ ಸರದಿ ಯಾವಾಗ? ಹೆಚ್ಚಾಗಿ ಅವನ ಬದಲಿಗೇ ನಾನು ಹೋಗುತ್ತಿದ್ದದ್ದು. ಅವರ ಕಡೆ ಯಾರು ಕೈ ಬಿಸಿ ಮಾಡಿಕೊಳ್ಳುತ್ತಿದ್ದಾರೆ? ನಾನು ಎಡಗೈ ಬ್ಯಾಟರ್, ಎಡಗೈ ಪಿಚರ್‌ನ ಎದುರು ಹೊಡೆಯುವುದು ಕಷ್ಟ. ನನ್ನ ಹೆಸರು ಕೂಗಿದ ಕೂಡಲೇ ಅವರು ಎಡಗೈ ಪಿಚರ್‌ನನ್ನು ತಂದರೆ, ನಮ್ಮವರು ನನ್ನನ್ನೂ ಬದಲಿಸುತ್ತಿದ್ದರು. ಒಂದು ಚೆಂಡನ್ನೂ ನೋಡದೆ ಆ ದಿನದ ಆಟ ಮುಗಿದದ್ದುಂಟು.

3. ಮೊದಲ ಒಳ್ಳೆಯ ಎಸೆತವನ್ನೇ ಹೊಡೆಯಿರಿ. ಶುರುವಿನಿಂದ ಆಡುವವನಿಗೆ ನಾಲ್ಕು ಸರದಿ. ಮೊದಲನೆಯದರಲ್ಲಿ ತಪ್ಪಿದ್ದನ್ನು ಮೂರನೆಯದರಲ್ಲಿ ತಿದ್ದಿಕೊಳ್ಳಬಹುದು. ನಮಗೆ ಇರುವುದೇ ಒಂದು. ಕಣ್ಣು ಹೊಂದಿಕೊಳ್ಳಲಿ ಎಂದು ಬಿಟ್ಟ ಚೆಂಡು ಮತ್ತೆ ಬರುವುದಿಲ್ಲ.

4. ಒಂದೇ ಚೆಂಡಿಗೆ ಕಾಯಿರಿ. 1988ರ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯ, ಲಾಸ್ ಏಂಜಲೀಸ್. ಒಂಬತ್ತನೇ ಇನಿಂಗ್ಸ್, ಇಬ್ಬರು ಔಟ್, ಡಾಡ್ಜರ್ಸ್ ಒಂದು ರನ್ ಹಿಂದೆ. ಎರಡೂ ಕಾಲು ನೋಯುತ್ತಿದ್ದ ಕರ್ಕ್ ಗಿಬ್ಸನ್ ಅವರ ಬದಲಿ ಬ್ಯಾಟರ್ ಆಗಿ ಕುಂಟುತ್ತ ಬಂದ. ಎಣಿಕೆ ಮೂರು ಬಾಲ್, ಎರಡು ಸ್ಟ್ರೈಕ್‌ಗೆ ಬಂದಾಗ ಎದುರಾಳಿ ಪಿಚರ್ ಡೆನ್ನಿಸ್ ಎಕರ್ಸ್ಲಿ ಎಡಗೈ ಬ್ಯಾಟರ್‌ಗಳಿಗೆ ಪಕ್ಕಕ್ಕೆ ಜಾರುವ ಸ್ಲೈಡರ್ ಎಸೆಯುತ್ತಾನೆ ಎಂದು ಸ್ಕೌಟ್ ಮೆಲ್ ಡಿಡಿಯರ್ ಮೊದಲೇ ಹೇಳಿದ್ದರು. ಅದೇ ಬಂತು, ಚೆಂಡು ಬೇಲಿ ದಾಟಿತು. ಇಡೀ ಸರಣಿಯಲ್ಲಿ ಗಿಬ್ಸನ್ ಬ್ಯಾಟ್ ಹಿಡಿದದ್ದು ಅದೊಂದೇ ಸಲ.

5. ಸೋಲನ್ನು ಮನೆಗೆ ಹೊತ್ತೊಯ್ಯಬೇಡಿ. ಮುಂದಿನ ಸರದಿ ನಾಲ್ಕು ದಿನ ಬಿಟ್ಟು ಬರಬಹುದು. ಅಷ್ಟು ದಿನ ಅದನ್ನೇ ಮೆಲುಕು ಹಾಕಿದರೆ ನಿದ್ದೆಯೂ ಇಲ್ಲ, ಹಿಟ್ಟೂ ಇಲ್ಲ. ಬದಲಿ ಬ್ಯಾಟರ್ ಆಗಿ 212 ಹಿಟ್ ಗಳಿಸಿ ದಾಖಲೆ ಮಾಡಿದ ಲೆನ್ನಿ ಹ್ಯಾರಿಸ್ ಕೂಡ ಬರಿಗೈಲಿ ಮರಳಿದ್ದೇ ಹೆಚ್ಚು.

2022ರಿಂದ ನ್ಯಾಷನಲ್ ಲೀಗ್‌ನಲ್ಲೂ ಪಿಚರ್ ಬ್ಯಾಟ್ ಹಿಡಿಯಬೇಕಾಗಿಲ್ಲ. ನಮ್ಮ ಕೆಲಸದ ದೊಡ್ಡ ಪಾಲು ಹಾಗೆ ಹೋಯಿತು. ನಾನೀಗ ಟಿವಿ ಮುಂದೆ. ಐದನೇ ಇನಿಂಗ್ಸ್ ಮುಗಿದರೆ ಸಾಕು, ಸೋಫಾದಿಂದೆದ್ದು ಸೊಂಟ ತಿರುಗಿಸುತ್ತೇನೆ.